ತಮಟೆಯ ಹಿಂದಿನ ಖಾಲಿ ಜಾಗ

ನನ್ನಣ್ಣ ಅಂಕಯ್ಯ ಯಾವ ಕ್ರಾಂತಿಯನ್ನೂ ಮಾಡಿದವನಲ್ಲ. ಅವನು ತಮಟೆ ಹೊಡೆದ. ಕರೆದರು, ಹೋದ, ಹೊಡೆದ. ಅಷ್ಟೇ. ಪೊಲೀಸರ ಲೆಕ್ಕದಲ್ಲಿ ಅವನು ಗಲಭೆಯ ನಾಯಕ, ಮೊದಲನೇ ಆರೋಪಿ. ಕಂಪ್ಯೂಟರ್ ಮುಂದೆ ಕೂತವರಲ್ಲಿ ಅರ್ಧ ಜನಕ್ಕೆ ಅವನು ವೀರ, ಇನ್ನರ್ಧ ಜನಕ್ಕೆ ಗುಂಡಿಕ್ಕಬೇಕಾದ ರೌಡಿ. ಅವನು ಯಾರು, ಅಲ್ಲಿಗೆ ಯಾಕೆ ಹೋಗಿದ್ದ ಅನ್ನೋದು ನಮ್ಮೂರಿನ ಎಲ್ಲರಿಗೂ ಗೊತ್ತಿತ್ತು. ಹೇಳುವುದಕ್ಕೆ ಮಾತ್ರ ಒಬ್ಬರಿಗೂ ಬಾಯಿರಲಿಲ್ಲ. ಥೂ.

ನಮ್ಮೂರು ಬಿಳಿಕಲ್ದೊಡ್ಡಿ. ಕನಕಪುರದಿಂದ ರಾಮನಗರಕ್ಕೆ ಹೋಗುವ ಬಸ್ಸು ನಮ್ಮೂರ ಗೇಟಿನಲ್ಲಿ ಕೈ ಅಡ್ಡ ಹಾಕಿದರೆ ನಿಲ್ಲುತ್ತೆ. ಹಾರೋಹಳ್ಳಿಯಲ್ಲಿ ಫ್ಯಾಕ್ಟರಿಗಳು ಎದ್ದಮೇಲೆ ಸರ್ಕಾರಕ್ಕೆ ಜಮೀನಿನ ಹಸಿವು ಹೆಚ್ಚಿತು. ನಮ್ಮ ಕಡೆಗೂ ನೋಟಿಸು ಬಂತು. ಸರ್ವೇಯರ್ ಜೀಪು ಬಂದು ಹಿಪ್ಪುನೇರಳೆ ತೋಟದ ನಡುವೆ ಬಿಳಿ ಬಣ್ಣದ ಕಲ್ಲು ನೆಟ್ಟಿತು. ಗೌಡರ ಬೀದಿ ಹೊತ್ತಿಕೊಂಡಿತು. ಒಂದು ಊರಲ್ಲ, ಸುತ್ತಲಿನ ಎಲ್ಲಾ ಊರು. ರಸ್ತೆಗೆ ಮರ ಕಡಿದು ಹಾಕಿದರು. ಬಸ್ಸು ಸುಟ್ಟರು. ಪಕ್ಕದ ಊರಿನಲ್ಲಿ ಗೋಲಿಬಾರ್ ಆಗಿ ಎರಡು ಹೆಣ ಬಿದ್ದವು.

ನಮ್ಮ ಕೇರಿಯವರಿಗೆ ಕಳೆದುಕೊಳ್ಳಲು ಜಮೀನೇ ಇರಲಿಲ್ಲ. ನಮ್ಮಜ್ಜ ಗೋಮಾಳದಲ್ಲಿ ಒಂದು ತುಂಡು ಕೊಡಿ ಅಂತ ಕೇಳಿ ಕೇಳಿ ಸತ್ತಿದ್ದ. ಆ ಗೋಮಾಳ ಈಗ ಗೌಡರ ಪಹಣಿಯಲ್ಲಿತ್ತು. ಜಮೀನು ಉಳಿದರೆ ಅಲ್ಲಿ ಕೂಲಿ, ಫ್ಯಾಕ್ಟರಿ ಬಂದರೆ ಅಲ್ಲಿ ಕಸ ಗುಡಿಸುವುದು. ಯಾರು ಗೆದ್ದರೂ ಬಗ್ಗುವುದು ನಮ್ಮ ಸೊಂಟವೇ.

ಆವತ್ತು ಬೆಳಗ್ಗೆ ಅನಂತರಾಜು ಬೈಕಿನಲ್ಲಿ ಬಂದ. ಊರ ಹಿರಿಯ ಮುನಿಶಾಮಯ್ಯನವರ ಮಗ. ರಾಮನಗರದಲ್ಲಿ ಸೈಟ್ ಬ್ರೋಕರ್. ಬೇರೆಯವರ ಹೊಲವನ್ನು ತುಂಡು ತುಂಡು ಮಾಡಿ ಮಾರಿದವನಿಗೆ ಈಗ ಭೂಮಿ ತಾಯಿಯಾಗಿದ್ದಳು. ಕೇರಿಯ ಬಾಯಲ್ಲೇ ಬೈಕು ನಿಲ್ಲಿಸಿ ಹಾರ್ನ್ ಹೊಡೆದ. ಒಳಗೆ ಬರುವ ಪದ್ಧತಿ ಇಲ್ಲ.

"ಲೇ ಅಂಕ, ತಮಟೆ ಕಾಯಿಸ್ಕೊಂಡು ಬಾರ್ಲಾ. ರೋಡ್‌ಗೆ ಮೆರವಣಿಗೆ ಐತೆ."

"ಸೊಪ್ಪು ಕುಯ್ಯಕ್ಕೆ ನಿಮ್ ತೋಟಕ್ಕೇ ಹೊಂಟಿದ್ದೆ ಅಣ್ಣ."

"ತೋಟಾನೇ ಇಲ್ದಂಗಾಯ್ತದೆ, ಸೊಪ್ಪು ಎಲ್ಲಿಂದ ಕುಯ್ತೀಯ? ಬಾ ಅಂದ್ರೆ ಬಾ. ಬರ್ದೇ ಇದ್ರೆ ನಾಳಿಂದ ತೋಟದ ಕಡೆ ತಲೆ ಹಾಕ್ಬ್ಯಾಡ."

ಅವ್ವ ಬೇಡ ಅಂದಳು. ಅಣ್ಣ ತರಗಿಗೆ ಬೆಂಕಿ ಹಾಕಿ ತಮಟೆ ಕಾಯಿಸಿದ. ಚರ್ಮ ಬಿಗಿಯಾಯಿತು. ಹೊರಟ.

ತಮಟೆ ಯಾವತ್ತೂ ಮುಂದೆ. ದೇವರ ಮುಂದೆ, ಹೆಣದ ಮುಂದೆ, ಹಾರ ಹಾಕಿಸಿಕೊಳ್ಳಲು ಬರುವ ರಾಜಕಾರಣಿಯ ಮುಂದೆ. ತಮಟೆಯ ಹಿಂದೆ ಒಂದು ಖಾಲಿ ಜಾಗ. ಎರಡು ಎತ್ತಿನಗಾಡಿ ನಿಲ್ಲುವಷ್ಟು. ಅದಾದಮೇಲೆ ಊರು. ಆ ಜಾಗವನ್ನು ಯಾರೂ ಅಳೆಯುವುದಿಲ್ಲ. ಹುಟ್ಟಿದ ಮಗುವಿಗೂ ನಮ್ಮೂರಲ್ಲಿ ಅದರ ಅಳತೆ ಗೊತ್ತು. ಸತ್ತ ದನದ ಚರ್ಮ, ಅದನ್ನು ಹಿಡಿದ ನಮ್ಮ ಕೈ, ನಮ್ಮ ನೆರಳು ಯಾವುದೂ ಅವರಿಗೆ ತಾಕಬಾರದು. ನಮ್ಮನ್ನು ಮುಂದೆ ಬಿಡುವುದು ಮರ್ಯಾದೆ ಕೊಟ್ಟಲ್ಲ. ದೂರ ಇಡುವುದಕ್ಕೆ.

ರಸ್ತೆಯ ತಿರುವಿನಲ್ಲಿ ಪೊಲೀಸರು ನಿಂತಿದ್ದರು. ಲಾಠಿ ಬೀಸಿದಾಗ ಕೈಗೆ ಸಿಕ್ಕವನು ನನ್ನಣ್ಣ. ಹಿಂದಿದ್ದ ಊರಿಗೆ ತಿರುಗಿ ಓಡಲು ಆ ಖಾಲಿ ಜಾಗ ಸಾಕಾಯಿತು. ಓಡಿದರು. ಮೈಲಿಗೆಯಿಂದ ಜೀವ ಉಳಿದದ್ದನ್ನು ಅವತ್ತೇ ಮೊದಲು ಕಂಡದ್ದು. ಅಣ್ಣನ ಬಲಗೈ ಮಣಿಕಟ್ಟು ಮುರಿಯಿತು. ತಮಟೆ ಬೂಟಿನ ಕೆಳಗೆ ಹರಿಯಿತು. ಅವನನ್ನು ವ್ಯಾನಿಗೆ ಎಳೆದು ಹಾಕಿದ ಮೇಲೆ ಗೌಡರ ಹುಡುಗರು ತೋಟದೊಳಗಿಂದ ಕಲ್ಲು ತೂರಿದರು, ಪೊಲೀಸ್ ಜೀಪಿಗೆ ಬೆಂಕಿ ಇಟ್ಟರು. ಜೀಪು ಉರಿಯುವಾಗ ಅಣ್ಣ ವ್ಯಾನಿನ ನೆಲದ ಮೇಲೆ ಮುರಿದ ಕೈ ಹಿಡಿದುಕೊಂಡು ಬಿದ್ದಿದ್ದ. ಆದರೂ ಕಲ್ಲು ಅವನದೇ, ಬೆಂಕಿಯೂ ಅವನದೇ ಅಂತ ಕೇಸಾಯಿತು.

ನಾನು ರಮ್ಯಾ. ಪಿಯುಸಿ ಮುಗಿಸಿ ರಾಮನಗರದಲ್ಲಿ ರೇಷ್ಮೆ ಗೂಡಿನಿಂದ ನೂಲು ಬಿಚ್ಚುವ ಕೆಲಸಕ್ಕೆ ಸೇರಿದವಳು. ಬೆಳಗ್ಗೆಯಿಂದ ಸಂಜೆಯವರೆಗೂ ಬಿಸಿನೀರಿನೊಳಗೆ ಕೈ. ಬೆಂದ ಗೂಡು ಬೆರಳಲ್ಲಿ ಆಡಿಸಿ ಎಳೆ ಹುಡುಕಬೇಕು. ಬೆರಳ ತುದಿ ಬಿಳಿಚಿಕೊಂಡು ಸುಕ್ಕಾಗಿ ಸುಲಿಯುತ್ತೆ. ನೂಲು ಮುಗಿದ ಮೇಲೆ ಒಳಗಿನ ಸತ್ತ ಹುಳು ತೇಲುತ್ತೆ. ಅದರ ನಾತ ಕೂದಲಲ್ಲಿ, ಅನ್ನದಲ್ಲಿ, ನಿದ್ದೆಯಲ್ಲಿ. ಬಸ್ಸಿನಲ್ಲಿ ಪಕ್ಕ ಕೂತವರು ಮೂಗು ಮುಚ್ಚಿ ಎದ್ದು ಹೋಗುತ್ತಾರೆ. ನನಗೆ ರೂಢಿಯಾಗಿತ್ತು.

ನನ್ನ ಪಕ್ಕದಲ್ಲಿ ಕೂತು ಅದೇ ನೀರಿಗೆ ಕೈ ಹಾಕುವವಳು ತಾಹೇರಾ. ಅವಳ ತಮ್ಮ ಮುಜಾಮಿಲ್ ಗೂಡಿನ ಮಾರ್ಕೆಟ್ ಹಿಂದೆ ಇಂಟರ್‌ನೆಟ್ ಸೆಂಟರ್ ಇಟ್ಟಿದ್ದ. ಅಣ್ಣನನ್ನು ಹಿಡಿದ ವಾರದಲ್ಲೇ ಅವಳು ಕೆಲಸದ ನಡುವೆ ಬಗ್ಗಿ ಹೇಳಿದಳು.

"ರಮ್ಯಾ, ನಿಮ್ಮಣ್ಣನ ಫೋಟೋ ಕಂಪ್ಯೂಟ್ರಲ್ಲಿ ಬಂದೈತಂತೆ. ಜನ ಏನೇನೋ ಬರೀತಾವ್ರಂತೆ. ಮುಜಾಮಿಲ್ ನಿನ್ನ ಕರ್ಕೊಂಡು ಬಾ ಅಂದ."

ಸಂಜೆ ಹೋದೆವು. ಪ್ಲೈವುಡ್ ಗೂಡಿನಂಥ ಕ್ಯಾಬಿನ್‌ನಲ್ಲಿ ಮುಜಾಮಿಲ್ ಆರ್ಕುಟ್ ತೆಗೆದು ತೋರಿಸಿದ. ನಮ್ಮ ತಾಲ್ಲೂಕಿನ ಹೆಸರಲ್ಲಿ ಒಂದು ಗುಂಪು. ಸಾವಿರಾರು ಜನ. ಯಾರೋ ತಾರಸಿ ಮೇಲಿಂದ ತೆಗೆದ ಫೋಟೋ. ಮುಂದೆ ನನ್ನಣ್ಣ ಒಬ್ಬನೇ. ಎದೆಗೆ ತಮಟೆ, ಎತ್ತಿದ ಕೈಯಲ್ಲಿ ಕೋಲು. ಹಿಂದೆ ಖಾಲಿ ರಸ್ತೆ. ಅದರಾಚೆ ಹಸಿರು ಟವೆಲ್‌ಗಳ ಗುಂಪು.

ಕೆಳಗೆ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ. ಒಂದೊಂದಾಗಿ ಕೂಡಿಸಿ ಓದಿದೆ.

"ಆ ಗ್ಯಾಪ್ ನೋಡಿ ಫ್ರೆಂಡ್ಸ್. ಲೀಡರ್ ಅಂದ್ರೆ ಹೀಗಿರ್ಬೇಕು. ಎಲ್ಲರಿಗಿಂತ ಮುಂದೆ, ಒಬ್ಬನೇ. ಸಿಂಹ!"

"ಸಿಂಹ ಅಲ್ಲ, ರೌಡಿ. ಕೈಯಲ್ಲಿ ದೊಣ್ಣೆ ಇದೆ ಕಾಣಲ್ವಾ? ಇವನೇ ಜೀಪು ಸುಡಿಸಿದ್ದು. ಇಂಥವರನ್ನ ಶೂಟ್ ಮಾಡಿದ್ರೆ ದೇಶ ಉದ್ಧಾರ ಆಗುತ್ತೆ. ಫ್ಯಾಕ್ಟರಿ ಬಂದ್ರೆ ಇವರ ಮಕ್ಕಳಿಗೇ ತಾನೇ ಕೆಲಸ?"

"ನೀನು ತಿನ್ನೋ ಅನ್ನ ರೈತನ ಭಿಕ್ಷೆ ಕಣೋ ಬೇವರ್ಸಿ."

"ನಮ್ಮ ಟ್ಯಾಕ್ಸ್ ದುಡ್ಡಲ್ಲಿ ಓಡೋ ಬಸ್ಸು ಸುಡ್ತಾರೆ, ಇವರು ಅನ್ನದಾತರಂತೆ."

ಆಮೇಲೆ ಅವರವರ ಅಮ್ಮ, ಅಕ್ಕ, ತಂಗಿಯರನ್ನು ಎಳೆದು ತಂದರು. ಒಬ್ಬ ಅಣ್ಣನ ಲುಂಗಿಯ ತೂತು ಹುಡುಕಿ ನಕ್ಕಿದ್ದ. ಅದಕ್ಕೆ ಹತ್ತಾರು ಜನ ನಗುವ ಗುರುತು ಹಾಕಿದ್ದರು. ಇನ್ನೊಬ್ಬ, ಎಲ್ಲೋ ಕೊಲ್ಲಿ ದೇಶದಲ್ಲಿ ಕೂತವನು, ವೋಟಿಗೇ ಇಟ್ಟುಬಿಟ್ಟಿದ್ದ: ಹೀರೋನಾ, ರೌಡಿನಾ? ಹೀರೋ ಸ್ವಲ್ಪ ಮುಂದಿತ್ತು. ಊಟ ಆಯ್ತು, ಈಗ ವೋಟ್ ಹಾಕಿದೆ ಅಂತ ಒಬ್ಬಳು ಬರೆದಿದ್ದಳು.

ನನ್ನಣ್ಣ ಆ ಹೊತ್ತಿಗೆ ಜೈಲಿನಲ್ಲಿ ಎಡಗೈಯಲ್ಲಿ ಮುದ್ದೆ ಮುರಿಯಲು ಕಲಿಯುತ್ತಿದ್ದ.

"ಈ 'ರೈತ ಕಿಡಿ' ಯಾರು ಗೊತ್ತಾ?" ಅಂದ ಮುಜಾಮಿಲ್. ನೇಗಿಲಿನ ಚಿತ್ರ ಹಾಕಿಕೊಂಡ ಒಬ್ಬ ಎಲ್ಲರಿಗಿಂತ ಹೆಚ್ಚು ಬರೆದಿದ್ದ. "ನಿಮ್ಮೂರೋನೇ, ಅನಂತರಾಜು. ದಿನಾ ಬತ್ತಾನೆ. ಕೊನೇ ಕ್ಯಾಬಿನ್ ಅವಂದೇ. ಈ ಗುಂಪು ನಡೆಸೋನೂ ಅವನೇ."

ರೈತ ಕಿಡಿ ಬರೆದಿದ್ದ: "ಅಂಕಯ್ಯ ಬೇರೆಯಲ್ಲ, ನಾವು ಬೇರೆಯಲ್ಲ. ಅವನು ನಮ್ಮ ರಕ್ತ. ಅವನಿಗೆ ಬಿದ್ದ ಒಂದೊಂದು ಏಟಿಗೂ ಉತ್ತರ ಕೊಡ್ತೀವಿ."

ಆ ರಕ್ತಕ್ಕೆ ಅವರ ಮನೆಯಲ್ಲಿ ನೀರು ಕೊಡುವುದು ಹಿತ್ತಲ ಗೋಡೆ ಮೇಲೆ ಕವುಚಿಟ್ಟ ಪ್ಲಾಸ್ಟಿಕ್ ಲೋಟದಲ್ಲಿ.

ಆದರೂ ನನಗೆ ಆಸೆ ಹುಟ್ಟಿತು. ಹುಚ್ಚು. ಲಾಯರು ಒಂದೇ ಮಾತು ಹೇಳಿದ್ದರು: "ಇವನನ್ನ ತಮಟೆಗೆ ಕರೆಸಿದ್ದು ನಾವು, ಕಲ್ಲು ಬೀಳೋ ಮುಂಚೆನೇ ಪೊಲೀಸರು ಇವನನ್ನ ಎಳ್ಕೊಂಡು ಹೋದ್ರು ಅಂತ ಊರಿನವರು ಒಬ್ಬರು ಹೇಳಿಕೆ ಕೊಡಲಿ. ಬೇಲ್ ಆಗುತ್ತೆ. ಇಲ್ಲದಿದ್ರೆ ಆ ಫೋಟೋ ನೋಡಿದ ಯಾವ ಜಡ್ಜಿಗೂ ಇವನು ನಾಯಕನ ಥರಾನೇ ಕಾಣ್ತಾನೆ." ಇಷ್ಟು ಪ್ರೀತಿ ಬರೆದವನು ಆ ಒಂದು ಮಾತು ಹೇಳಲಾರನೇ ಅಂದುಕೊಂಡೆ. ಅಪ್ಪನನ್ನು ಕರೆದುಕೊಂಡು ಮುನಿಶಾಮಯ್ಯನವರ ಮನೆಗೆ ಹೋದೆ.

ಅವರು ಜಗಲಿಯ ಮೇಲೆ ಕುರ್ಚಿಯಲ್ಲಿ. ನಾವು ಅಂಗಳದ ಬಿಸಿಲಲ್ಲಿ. ಅಪ್ಪನ ಹೆಸರು ದಾಸಪ್ಪ. ಅವರ ಬಾಯಲ್ಲಿ ದಾಸ.

"ಬುದ್ಧೀ," ಅಪ್ಪ ಟವೆಲ್ ಕಂಕುಳಿಗೆ ಇಟ್ಟುಕೊಂಡ. "ನೀವು ಒಂದ್ ಮಾತು ಹೇಳುದ್ರೆ ನನ್ ಮಗ ಈಚೆಗೆ ಬತ್ತಾನೆ."

"ಅಲ್ಲ ಕಣ್ಲಾ ದಾಸ, ನಾವು ಕರೆಸಿದ್ವಿ ಅಂದ್ರೆ ಮೊದಲ್ನೇ ಆರೋಪಿ ಯಾರಾಯ್ತಾರೆ? ನನ್ ಮಗ ಆಯ್ತಾನೆ. ಅವನಿಗಿನ್ನೂ ಮದ್ವೆ ಆಗಿಲ್ಲ."

ನನ್ನಣ್ಣನಿಗೂ ಆಗಿರಲಿಲ್ಲ. ಅದು ಅವರಿಗೆ ನೆನಪಾಗುವ ವಿಷಯವೇ ಅಲ್ಲ. ಒಳಗಿಂದ ಅನಂತರಾಜು ಬಂದ.

"ಏನಮ್ಮಿ, ನೀನು ಓದಿರೋಳು, ನಿಂಗೂ ಅರ್ಥ ಆಗಲ್ವಾ? ಇವತ್ತು ಅಂಕನ ಹೆಸ್ರು ಎಲ್ಲೆಲ್ಲಿ ಐತೆ ಗೊತ್ತಾ? ಫಾರಿನ್ನಾಗೂ ಅವನ್ನ ಲೀಡರ್ ಅಂತಾವ್ರೆ. ಬರೀ ತಮಟೆ ಹೊಡಿಯೋಕೆ ಬಂದಿದ್ದ ಅಂತ ಹೇಳಿ ಅವನ ಮರ್ವಾದೆ ಕಳೀಬೇಕಾ?"

"ಅವನಿಗೆ ಮರ್ವಾದೆ ಬ್ಯಾಡ ಅಣ್ಣ. ಬೇಲ್ ಬೇಕು."

"ಹೋರಾಟ ಅಂದ್ಮೇಲೆ ತ್ಯಾಗ ಇರ್ತದೆ ಕಣಮ್ಮಿ."

ತ್ಯಾಗವಂತೆ. ಯಾರದೋ ಕೈ ಮುರಿಸಿ, ಯಾರದೋ ಮಗನನ್ನು ಒಳಗೆ ಕಳಿಸಿ, ತಾನು ಬ್ರೆಡ್ಡು ಟೀಯಲ್ಲಿ ಅದ್ದಿಕೊಂಡು ಆ ಮಾತು ಹೇಳಿದ. ಬ್ರೆಡ್ಡಿನ ಚೂರು ಅವನ ಮೀಸೆಗೆ ಅಂಟಿತ್ತು. ನನಗೆ ಹೇಸಿಗೆಯಾಯಿತು.

ಮಾರನೇ ದಿನ ಕೆಲಸ ಬಿಟ್ಟವಳೇ ಮುಜಾಮಿಲ್ ಹತ್ತಿರ ಹೋದೆ. ನನ್ನ ಹೆಸರಲ್ಲೇ ಅಕೌಂಟ್ ಮಾಡಿಕೊಡು ಅಂದೆ. ಸುಳ್ಳು ಹೆಸರು ಇಟ್ಟುಕೋ ಅಂದಳು ತಾಹೇರಾ. ಬೇಡ ಅಂದೆ. ನೇಗಿಲಿನ ಹಿಂದೆ ಅಡಗುವ ಚಾಳಿ ನಮಗೆ ಬೇಡ. ಸುಲಿದ ಬೆರಳಿನಿಂದ ಒಂದೊಂದೇ ಅಕ್ಷರ ಒತ್ತಿ ಬರೆದೆ.

"ನಾನು ಅಂಕಯ್ಯನ ತಂಗಿ. ನನ್ನಣ್ಣ ಲೀಡರ್ ಅಲ್ಲ, ರೌಡಿ ಅಲ್ಲ. ತಮಟೆ ಹೊಡೆಯಲು ಗೌಡರು ಕರೆಸಿದ ಕೂಲಿಯವನು. ನೀವು ಹೊಗಳುತ್ತಿರುವ ಆ ಖಾಲಿ ಜಾಗ ಧೈರ್ಯದ್ದಲ್ಲ. ನಾವು ಹೊಲೆಯರು. ನಮ್ಮ ಗಾಳಿ ಸೋಕಬಾರದು ಅಂತ ಊರಿನವರು ಬಿಟ್ಟ ಜಾಗ. ಆ ಜಾಗ ಇದ್ದದ್ದಕ್ಕೇ ಅವರು ಓಡಿಹೋದರು, ಇವನು ಸಿಕ್ಕಿಬಿದ್ದ. ಇವನನ್ನು ಕರೆಯಲು ಬೈಕಿನಲ್ಲಿ ಬಂದವನು ಈ ಗುಂಪು ನಡೆಸುವ ರೈತ ಕಿಡಿ. ಅವನು ಕೋರ್ಟಿಗೆ ಬಂದು ಇದನ್ನೇ ಹೇಳಲಿ."

ಒತ್ತಿದೆ. ಕಾದೆ. ಜಗಳ ನಿಂತಿತು. ನಿಜಕ್ಕೂ ನಿಂತಿತು. ಅಲ್ಲಿಯವರೆಗೆ ಒಬ್ಬರ ತಾಯಿಯನ್ನು ಒಬ್ಬರು ಬೈಯುತ್ತಿದ್ದವರೆಲ್ಲ ಒಂದೇ ಕಡೆ ತಿರುಗಿದರು. ನನ್ನ ಕಡೆ.

"ದಯವಿಟ್ಟು ಇಲ್ಲಿ ಜಾತಿ ತರಬೇಡಿ."

"ಫೇಕ್ ಪ್ರೊಫೈಲ್. ಫ್ಯಾಕ್ಟರಿಯವರು ದುಡ್ಡು ಕೊಟ್ಟು ಬರೆಸ್ತಾವ್ರೆ."

"ಈಗಿನ ಕಾಲದಲ್ಲಿ ಇದೆಲ್ಲ ಎಲ್ಲಿದೆ? ನಮ್ಮ ಆಫೀಸ್‌ನಲ್ಲಿ ಎಸ್‌ಸಿಯವರೇ ಬಾಸ್."

"ತಂಗಿ ಅಂತೆ. ತಂಗಿ ಫೋಟೋ ಹಾಕಮ್ಮ, ನೋಡಿ ವೋಟ್ ಮಾಡ್ತೀವಿ."

ನನ್ನಣ್ಣನನ್ನು ಶೂಟ್ ಮಾಡಬೇಕು ಅಂದಿದ್ದವನು ರೈತ ಕಿಡಿಗೆ ಬರೆದ: "ಬ್ರದರ್, ನಿಮ್ಮ ಹೋರಾಟ ನಾನು ಒಪ್ಪಲ್ಲ. ಆದ್ರೆ ಇಂಥವರು ಮಧ್ಯ ಬಂದು ಸಮಾಜ ಒಡೀಬಾರ್ದು." ರೈತ ಕಿಡಿ ಉತ್ತರ ಕೊಟ್ಟ: "ಥ್ಯಾಂಕ್ಸ್ ಬ್ರದರ್. ಭಿನ್ನಾಭಿಪ್ರಾಯ ಏನೇ ಇರ್ಲಿ, ನಾವೆಲ್ಲ ಒಂದೇ." ಇನ್ನೊಮ್ಮೆ ತೆಗೆದು ನೋಡುವಷ್ಟರಲ್ಲಿ ನಾನು ಬರೆದದ್ದು ಇರಲಿಲ್ಲ. ನಾನೂ ಆ ಗುಂಪಿನಲ್ಲಿ ಇರಲಿಲ್ಲ. ಕೊನೇ ಕ್ಯಾಬಿನ್‌ನಿಂದ ಮೌಸ್ ಒತ್ತುವ ಸದ್ದು ಕೇಳುತ್ತಿತ್ತು. ಅವನು ಅಲ್ಲೇ ಕೂತಿದ್ದ.

ನಾನು ಹೊರಗೆ ಬಂದು ಮೋರಿಯ ಪಕ್ಕ ವಾಂತಿ ಮಾಡಿದೆ. ವರ್ಷಗಟ್ಟಲೆ ಸತ್ತ ಹುಳುವಿನ ನಾತದಲ್ಲಿ ಕೂತು ಬುತ್ತಿ ಉಂಡವಳು, ಒಂದು ದಿನವೂ ನನಗೆ ವಾಕರಿಕೆ ಬಂದಿರಲಿಲ್ಲ. ತಾಹೇರಾ ನನ್ನ ಬೆನ್ನು ಸವರುತ್ತಾ ನಿಂತಿದ್ದಳು. "ಥೂ ಹರಾಮಿಗಳು," ಅಂದಳು. ಅವಳಿಗೂ ಇಂಥವರ ಪರಿಚಯ ಇತ್ತು.

ಭಾನುವಾರ ಅವರೇ ಬಂದರು. ಮುನಿಶಾಮಯ್ಯ, ಅನಂತರಾಜು, ಅವರ ಹಿಂದೆ ಏಳೆಂಟು ಜನ ಗಂಡಸರು. ಕೇರಿಯ ಬಾಯಲ್ಲಿ ನಿಂತು ಅಪ್ಪನನ್ನು ಕೂಗಿದರು. ಕೇರಿಯೆಲ್ಲ ಹೊರಗೆ ಬಂತು.

"ದಾಸ, ನಿನ್ ಮಗಳು ಊರ ಮಾನ ಕಳ್ದವ್ಳೆ," ಅಂದರು ಮುನಿಶಾಮಯ್ಯ. "ಹೋಗ್ಲಿ, ಹೆಣ್ಣೆಂಗ್ಸು, ತಿಳೀದೆ ಮಾಡ್ತು ಅಂತ ಬುಟ್ಬುಟ್ಟಿದೀವಿ. ನಾಳೆ ತಾಲ್ಲೂಕಾಪೀಸಿಗೆ ದೊಡ್ ಮೆರವಣಿಗೆ. ಸುತ್ಲೂ ಹಳ್ಳಿಯೋರು ಬತ್ತಾವ್ರೆ. ನಮ್ಮೂರಿಂದ ತಮಟೆ ಇಲ್ದೆ ಹೊಂಟ್ರೆ ನಗ್ತಾರೆ. ನೀನು ಬಂದು ಹೊಡಿ. ಹೊಡುದ್ರೆ ನಿನ್ ಮಗನ ಹೇಳಿಕೆ ವಿಚಾರ ನಾಳಿದ್ದೇ ನೋಡಾಣ. ನಾನು ಮಾತ್ ಕೊಡ್ತೀನಿ."

ಅಪ್ಪ ನನ್ನ ಮುಖ ನೋಡಿದ. ಅವ್ವ ಅವನ ಮುಖ ನೋಡಿದಳು. ಮೆಲ್ಲಗೆ ಅಂದಳು: "ಹೊಡಿ. ಮಗ ಬತ್ತಾನೆ. ಒಂದಿನ ತಾನೆ." ಅವಳು ಬೇಡಿಕೊಂಡದ್ದು ತಪ್ಪಲ್ಲ. ನನಗೂ ಬಾಯಿ ತುದಿಯವರೆಗೆ ಅದೇ ಮಾತು ಬಂದಿತ್ತು.

ಅಪ್ಪ ಒಳಗೆ ಹೋದ. ಅಣ್ಣನ ತಮಟೆ ಹರಿದಿತ್ತಲ್ಲ, ತನ್ನ ಹಳೇ ತಮಟೆ ಗೂಟದಿಂದ ತೆಗೆದುಕೊಂಡು ಬಂದ. ಮುನಿಶಾಮಯ್ಯನವರ ಮುಖದಲ್ಲಿ ನಗು ಬಂತು. ಅಪ್ಪ ತಮಟೆಯನ್ನು ಎರಡೂ ಕೈಯಲ್ಲಿ ಮುಂದೆ ಚಾಚಿ ಅನಂತರಾಜುವಿನ ಕಡೆ ನಡೆದ.

"ತಗೊಳ್ಳಿ."

"ಏನ್ ತಗಳ್ಳಾದು?" ಅನಂತರಾಜು ಒಂದು ಹೆಜ್ಜೆ ಹಿಂದೆ ಸರಿದ.

"ತಮಟೆ. ಹಿಡ್ಕಳಿ. ನೀವು ಲೀಡ್ರು. ಎದೆಗ್ ಕಟ್ಕಂಡು ಮುಂದೆ ನಡೀರಿ. ನಾನು ಹಿಂದೆ ಬತ್ತೀನಿ, ಗುಂಪ್ನಾಗೆ."

"ಲೇ ದಾಸ, ಕುಡ್ದಿದೀಯೇನ್ಲಾ?"

ಅಪ್ಪ ನಿಲ್ಲಲಿಲ್ಲ. ಅವನು ಒಂದು ಹೆಜ್ಜೆ ಇಟ್ಟರೆ ಅವರೆಲ್ಲ ಒಂದು ಹೆಜ್ಜೆ ಹಿಂದೆ. ಇನ್ನೊಂದು ಇಟ್ಟ, ಅವರು ಇನ್ನೊಂದು ಹಿಂದೆ. ಹೊಡೆಯಲು ಬಂದವರಿಗೂ ಎದೆ ಸೆಟೆಸಿ ನಿಲ್ಲುವ ಗಂಡಸರು ಒಬ್ಬ ಮುದುಕನ ಕೈಯ ಒಣ ಚರ್ಮಕ್ಕೆ ಹೆದರಿ ಹಿಂದಕ್ಕೆ ಹೆಜ್ಜೆ ಹಾಕಿದರು. ಕೇರಿಯಿಂದ ಶುರುವಾದದ್ದು ರೇಷನ್ ಅಂಗಡಿಯವರೆಗೂ ಹೋಯಿತು. ಅಲ್ಲಿ ಗೋಡೆ. ಮುನಿಶಾಮಯ್ಯನವರ ಬೆನ್ನು ಗೋಡೆಗೆ ತಾಕಿತು. ಅಪ್ಪ ತಮಟೆ ಚಾಚಿಕೊಂಡೇ ನಿಂತ. ಒಂದು ಕೈಯೂ ಮುಂದೆ ಬರಲಿಲ್ಲ.

ನಾನು ಅಪ್ಪನ ಪಕ್ಕಕ್ಕೆ ಹೋದೆ.

"ಮುಟ್ಟಕ್ಕಾಗಲ್ವಾ?" ಅಂದೆ. "ಸರಿ, ಹಂಗಾರೆ ಅದನ್ನೇ ಬರ್ದು ಕೊಡಿ. ನಾವು ತಮಟೆ ಮುಟ್ಟಲ್ಲ, ಅದಕ್ಕೇ ಅಂಕಯ್ಯನ ಕೈಲಿ ಹೊಡೆಸಿದ್ವಿ ಅಂತ. ಇಷ್ಟೇ ನಿಜ. ಇದನ್ನ ಬರ್ಯಕ್ಕೂ ಮೈಲಿಗೇನಾ?"

ಅನಂತರಾಜು ಮೊಬೈಲು ತೆಗೆದು ನೋಡಿಕೊಂಡ, ಏನೋ ಕರೆ ಬಂದವನ ಹಾಗೆ. ಕರೆ ಬಂದಿರಲಿಲ್ಲ.

"ನಿನ್ ಮಗ ಒಳಗೇ ಕೊಳೀತಾನೆ, ನೆಪ್ಪಿಟ್ಕ," ಅಂದರು ಮುನಿಶಾಮಯ್ಯ.

"ಗೊತ್ತು," ಅಂದ ಅಪ್ಪ. ಬುದ್ಧೀ ಅನ್ನಲಿಲ್ಲ. "ಈ ಕೇರಿಯಿಂದ ಇನ್ಮೇಲೆ ನಿಮಗೆ ತಮಟೆ ಇಲ್ಲ. ದ್ಯಾವ್ರಿಗೂ ಇಲ್ಲ, ಹೆಣಕ್ಕೂ ಇಲ್ಲ."

ಮಾರನೇ ದಿನ ಮೆರವಣಿಗೆ ಹೊರಟಿತು. ಹೊರಟಿತು ಅನ್ನುವುದು ಸುಳ್ಳು. ಊರ ಗೇಟಿನಲ್ಲಿ ನಿಂತಿತು. ದೂರದಲ್ಲಿ ಪೊಲೀಸ್ ವ್ಯಾನು ಕಾಣುತ್ತಿತ್ತು. ನಾನು ಬಸ್ಸಿಗೆ ಕಾಯುತ್ತಾ ಎಲ್ಲವನ್ನೂ ನೋಡಿದೆ. ಮುಂದೆ ಯಾರು ನಡೆಯಬೇಕು ಅಂತ ಅವರವರಲ್ಲೇ ಜಗಳ. ಹಿರಿಯರು ಮುಂದೆ ಇರಲಿ ಅಂದರು ಹುಡುಗರು. ಹುಡುಗರು ಗಟ್ಟಿಮುಟ್ಟಾಗಿದ್ದಾರೆ ಅಂದರು ಹಿರಿಯರು. ಬ್ಯಾನರ್ ಹಿಡಿದಿದ್ದ ಇಬ್ಬರು ಅದನ್ನು ಇನ್ನಿಬ್ಬರಿಗೆ ಕೊಟ್ಟು ಹಿಂದಕ್ಕೆ ಸರಿದರು. ಅನಂತರಾಜು ಫೋಟೋ ತೆಗೆಯಬೇಕು ಅಂತ ಹೇಳಿ ಪಕ್ಕದ ಮನೆಯ ತಾರಸಿ ಹತ್ತಿದ. ಬಿಸಿಲೇರಿತು. ನನ್ನ ಬಸ್ಸು ಬಂತು. ಸಂಜೆ ಬಂದಾಗ ರಸ್ತೆಯಲ್ಲಿ ಬ್ಯಾನರ್ ಒಂದು ಬಿದ್ದಿತ್ತು, ಅಷ್ಟೇ.

ಅಪ್ಪ ಮಾತ್ರ ಅವತ್ತಿನಿಂದ ಅನ್ನ ಮುಟ್ಟಲಿಲ್ಲ. "ನನ್ ಮಗನ್ನ ನಾನೇ ಒಳಗೆ ಹಾಕ್ದೆ ಕಣವ್ವ," ಅಂತ ಗೋಡೆ ಕಡೆ ತಿರುಗಿ ಮಲಗಿದ. ಅವ್ವ ಅವನ ಜೊತೆ ಮಾತು ಬಿಟ್ಟಳು. ಗೌಡರ ತೋಟದಲ್ಲಿ ನಮ್ಮ ಕೇರಿಯ ಯಾರಿಗೂ ಕೆಲಸವಿಲ್ಲ ಅಂತ ಹೇಳಿ ಕಳಿಸಿದರು. ಲಾಯರು ಫೋನಿನಲ್ಲಿ, ಹೇಳಿಕೆ ಇಲ್ಲದೆ ಬೇಲ್ ಕಷ್ಟ, ಮುಂದಿನ ತಾರೀಕು ನೋಡೋಣ ಅಂದರು. ಸೋತೆವು ಅಂತಲೇ ನನಗೂ ಅನ್ನಿಸಿತು.

ಜೈಲಿಗೆ ಅಪ್ಪ ಬರಲಿಲ್ಲ. ಯಾವ ಮುಖ ಇಟ್ಟುಕೊಂಡು ಹೋಗಲಿ ಅಂದ. ನಾನೊಬ್ಬಳೇ ಹೋದೆ. ಜಾಲರಿಯ ಆಚೆ ಅಣ್ಣ ನಿಂತಿದ್ದ. ಕೈಯ ಪ್ಲಾಸ್ಟರ್ ಕೊಳಕಾಗಿತ್ತು. ಬೆರಳು ಊದಿದ್ದವು. ಮಡಚಲು ಆಗುವುದಿಲ್ಲ ಅಂದ. ನಾನು ಏನನ್ನೂ ಮುಚ್ಚಿಡದೆ ಹೇಳಿದೆ. ಗೌಡರು ಬಂದದ್ದು, ಮಾತು ಕೊಟ್ಟದ್ದು, ಅವ್ವ ಬೇಡಿಕೊಂಡದ್ದು, ಅಪ್ಪ ತಮಟೆ ಚಾಚಿಕೊಂಡು ನಡೆದದ್ದು. ಅಣ್ಣ ಬೈಯುತ್ತಾನೆ ಅಂದುಕೊಂಡೆ. ಬೈದಿದ್ದರೆ ಅದು ಅವನ ಹಕ್ಕು.

"ರೇಷನ್ ಅಂಗ್ಡಿ ಗಂಟ ಹೋದ್ರಾ?" ಅಂದ.

"ಹೂಂ."

"ಹಿಂದ್ ಹಿಂದ್ಕೇ?"

"ಹೂಂ ಕಣಣ್ಣ."

ಪಕ್ಕದಲ್ಲಿದ್ದ ಪೊಲೀಸಿನವನು ಟೈಮಾಯ್ತು ಅಂದ. ಅಣ್ಣ ಜಾಲರಿಗೆ ಮುಖ ಹತ್ತಿರ ತಂದ. ಕಣ್ಣು ತುಂಬಿತ್ತು.

"ಅಪ್ಪಂಗೆ ಹೇಳು, ಉಣ್ಣಕ್ಕೇಳು," ಅಂದ. "ನಾನು ಒಸಿ ದಿನ ಇಲ್ಲೇ ಇರ್ತೀನಿ. ಇಲ್ಲಿ ಎಲ್ಲಾರೂ ಒಂದೇ ಸಾಲ್ನಾಗೆ ಕೂತು ಉಣ್ತೀವಿ."